ವಕೀಲರ ಮುಖಪುಟ: ಜೋರಿನದೋ, ಸಾದಾದೋ?

ಮಂಗಳೂರಿನ ವಕೀಲರೊಬ್ಬರು ವೆಬ್‌ಸೈಟ್ ಮಾಡಿಸಲು ಹೊರಟರೆ ಮುಖಪುಟಕ್ಕೆ ಎರಡು ದಾರಿ.

ಒಂದು, ದೊಡ್ಡ ಫೋಟೋಗಳು ಸರಿಯುತ್ತಾ ಹೋಗುವ ರೆಡಿಮೇಡ್ ಟೆಂಪ್ಲೇಟ್. ಅದರಲ್ಲಿ ನ್ಯಾಯಾಧೀಶರು ಮೇಜಿಗೆ ಕುಟ್ಟುವ ಸುತ್ತಿಗೆಯ ಚಿತ್ರ ಇದ್ದೇ ಇರುತ್ತದೆ, ನಮ್ಮ ಕೋರ್ಟುಗಳಲ್ಲಿ ಅದನ್ನು ಕಂಡವರುಂಟಾ? ನೋಡಲು ಚಂದ. ಆದರೆ ಮೊಬೈಲ್‌ನಲ್ಲಿ ನಿಧಾನ, ಫೋನ್ ನಂಬರ್ ಎಲ್ಲೋ ತಳದಲ್ಲಿ. ‘ಗೆದ್ದ ಕೇಸುಗಳು’, ‘ಕಕ್ಷಿದಾರರ ಮೆಚ್ಚುಗೆ’ ಎಂಬ ಜಾಗಗಳೇ ದೊಡ್ಡ ತೊಡಕು. ವಕೀಲರು ಜಾಹೀರಾತು ಕೊಡುವಂತಿಲ್ಲ. ವಕೀಲರ ವೃತ್ತಿಗೆ ನಿಯಮ ಮಾಡುವ ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮ 36ಕ್ಕೆ 2008ರಲ್ಲಿ ಆದ ತಿದ್ದುಪಡಿ ವೆಬ್‌ಸೈಟಿಗೆ ಒಪ್ಪಿದ್ದು ಇಷ್ಟಕ್ಕೇ: ಹೆಸರು, ವಿಳಾಸ, ಫೋನ್, ಇಮೇಲ್, ನೋಂದಣಿ ವಿವರ, ವಿದ್ಯಾರ್ಹತೆ, ಯಾವ ಬಗೆಯ ಕೇಸು ನೋಡುತ್ತಾರೆ ಎಂಬುದು.

ಇನ್ನೊಂದು, ಸಾದಾ ಪುಟ. ಈ ಪಟ್ಟಿಯಲ್ಲೇ ಮುಗಿಯುತ್ತದೆ. ಮೇಲೆಯೇ ಒತ್ತಿದರೆ ಕರೆ ಹೋಗುವ ನಂಬರ್. ಕೆಳಗೆ ‘ಸಿವಿಲ್, ಕ್ರಿಮಿನಲ್’ ಎನ್ನುವ ಬದಲು ‘ಜಾಗದ ತಕರಾರು, ಆಸ್ತಿ ಪಾಲು, ಚೆಕ್ ಬೌನ್ಸ್’. ದುಬೈಯಲ್ಲಿ ಕೂತು ಉಡುಪಿಯ ಜಾಗದ ಚಿಂತೆ ಮಾಡುವವರು ಹುಡುಕುವುದು ಇದನ್ನೇ ಅಲ್ವಾ? ಕನ್ನಡ ಮೊದಲಿರಲಿ, ಇಂಗ್ಲಿಷ್ ಒಂದು ಬಟನ್ ದೂರ ಇದ್ದರೆ ಸಾಕು.

ಕಂಪನಿಗಳ ಕೆಲಸವೇ ಜಾಸ್ತಿ ಇರುವ ದೊಡ್ಡ ಕಚೇರಿಯಾದರೂ ಅಷ್ಟೇ, ಫೋಟೋ ಆ ಪಟ್ಟಿಯಲ್ಲಿಲ್ಲ. ಎಲ್ಲರಿಗೂ ಸಾದಾದ್ದೇ ಸರಿ.