ಸ್ಕ್ರಿಪ್ಟ್‌ನಲ್ಲಿ ಸರ್ವೆ ಪಾಯಿಂಟ್ ಹಾಕುವ ಮೊದಲು ಓಸ್ನ್ಯಾಪ್ ಆಫ್ ಮಾಡಿ

ಟೋಟಲ್ ಸ್ಟೇಷನ್ (ಕೋನ, ದೂರ ಅಳೆಯುವ ಸರ್ವೆ ಯಂತ್ರ) ಕೊಟ್ಟ ರೀಡಿಂಗುಗಳನ್ನು ಎಕ್ಸೆಲ್‌ನಲ್ಲಿ ಜೋಡಿಸಿ, ಸ್ಕ್ರಿಪ್ಟ್ ಫೈಲ್ (ಕಮಾಂಡುಗಳ ಪಟ್ಟಿ) ಮಾಡಿ ನಕ್ಷೆ ಬಿಡಿಸುವ ಆಟೋಕ್ಯಾಡ್‌ಗೆ ಸುರಿಯುವವರು ಗಮನಿಸಿ. ಓಸ್ನ್ಯಾಪ್ ಎಂದರೆ ಹಾಕುವ ಪಾಯಿಂಟನ್ನು ಹತ್ತಿರದ ಪಾಯಿಂಟಿಗೋ ಗೆರೆಯ ತುದಿಗೋ ತಾನೇ ಎಳೆದು ಕೂರಿಸುವ ಸೌಲಭ್ಯ. ರಸ್ತೆ ಸರ್ವೆಯ ಡ್ರಾಯಿಂಗೊಂದು ಅದು ಆನ್ ಇದ್ದುದರಿಂದಲೇ ಕೆಟ್ಟಿತು. ಹೆಚ್ಚಿನ ಪಾಯಿಂಟುಗಳು ಸರಿಯಾಗಿದ್ದವು. ಚರಂಡಿಯ ಅಂಚು, ತಳ ಎಂದು ಹತ್ತಿರ ಹತ್ತಿರ ತೆಗೆದವು ಮಾತ್ರ ಒಂದರ ಮೇಲೊಂದು ಕೂತಿದ್ದವು. ಎಣಿಸಿದರೆ ಲೆಕ್ಕ ಸರಿ, ಕಾಂಟೂರ್ (ಸಮಾನ ಎತ್ತರದ ಗೆರೆ) ಎಳೆದರೆ ಚರಂಡಿಯೇ ಇಲ್ಲ. ಬೈಗುಳ ತಿಂದದ್ದು ಫೀಲ್ಡಿನಲ್ಲಿ ಪ್ರಿಸಮ್ (ಯಂತ್ರ ಗುರಿಯಿಡುವ ಪ್ರತಿಫಲಕ) ಹಿಡಿದವರು!

ಕಾರಣ ಓಸ್ನ್ಯಾಪ್‌ಕೋಆರ್ಡ್ ಎಂಬ ವೇರಿಯಬಲ್, ಅಂದರೆ ಆಟೋಕ್ಯಾಡ್‌ನ ಒಂದು ಸೆಟ್ಟಿಂಗ್. ಅದರ ಡಿಫಾಲ್ಟ್ ಬೆಲೆ 2. ಕೈಯಲ್ಲಿ ಟೈಪ್ ಮಾಡಿದ ಕೋಆರ್ಡಿನೇಟಿಗೆ ಆಗ ಸ್ನ್ಯಾಪ್ ಅಡ್ಡ ಬರುವುದಿಲ್ಲ, ಸ್ಕ್ರಿಪ್ಟಿಗೆ ಮಾತ್ರ ಆ ರಕ್ಷಣೆ ಇಲ್ಲ. ನೋಡ್ ಸ್ನ್ಯಾಪ್ (ಪಾಯಿಂಟುಗಳಿಗೆ ಅಂಟಿಸುವ ಓಸ್ನ್ಯಾಪ್) ಆನ್ ಇದ್ದರೆ ಹೊಸ ಪಾಯಿಂಟು ಪಕ್ಕದ ಹಳೆಯದಕ್ಕೆ ಅಂಟಿಕೊಳ್ಳುತ್ತದೆ, ಅದರ ಲೆವೆಲ್ಲನ್ನೂ ಎತ್ತಿಕೊಳ್ಳುತ್ತದೆ. ‘ಹತ್ತಿರ’ ಎಂಬುದು ಇಲ್ಲಿ ಮೀಟರ್ ಲೆಕ್ಕವಲ್ಲ, ಪರದೆಯ ಪಿಕ್ಸೆಲ್ ಲೆಕ್ಕ. ಹಾಗಾಗಿ ಝೂಮ್ ಔಟ್ ಮಾಡಿ ಓಡಿಸಿದಷ್ಟೂ ಹಾನಿ ಹೆಚ್ಚು. ಅದೇ ಸ್ಕ್ರಿಪ್ಟ್ ಬೇರೆ ಝೂಮಿನಲ್ಲಿ ಬೇರೆ ಫಲ ಕೊಟ್ಟರೆ ರೋಗ ಇದೇ.

ಸ್ಕ್ರಿಪ್ಟಿನ ಮೊದಲ ಸಾಲಿನಲ್ಲೇ ಓಎಸ್‌ಮೋಡ್ 0 (ಎಲ್ಲ ಓಸ್ನ್ಯಾಪ್ ಆಫ್) ಎಂದು ಬರೆಯಿರಿ, ಇಲ್ಲವೇ ಓಸ್ನ್ಯಾಪ್‌ಕೋಆರ್ಡ್ ಅನ್ನು 1 ಮಾಡಿ, ಆಗ ಸ್ಕ್ರಿಪ್ಟಿಗೂ ಸ್ನ್ಯಾಪ್ ಅಡ್ಡ ಬರುವುದಿಲ್ಲ. ಆಟೋಕ್ಯಾಡ್‌ನ ಪ್ರೋಗ್ರಾಮಿಂಗ್ ಭಾಷೆ ಲಿಸ್ಪ್‌ನಲ್ಲಿ ಕಮಾಂಡ್ ಫಂಕ್ಷನ್ ಬಳಸಿ ಪಾಯಿಂಟ್ ಹಾಕುವವರಿಗೂ ಇದೇ ಕಾಟ. ಈಗಾಗಲೇ ಕೆಟ್ಟ ಡ್ರಾಯಿಂಗಿನಲ್ಲಿ ಒಂದೊಂದನ್ನೇ ಸರಿಸುತ್ತ ಕೂರಬೇಡಿ. ಎಲ್ಲ ಪಾಯಿಂಟುಗಳನ್ನೂ ಅಳಿಸಿ ಮತ್ತೆ ಓಡಿಸಿ. ಓವರ್‌ಕಿಲ್ ಕಮಾಂಡ್ ಅಂತೂ ಬೇಡವೇ ಬೇಡ, ಅಂಟಿಕೊಂಡವನ್ನು ನಕಲು ಎಂದು ತೆಗೆದುಬಿಟ್ಟು ಇದ್ದ ಸುಳಿವನ್ನೂ ಅಳಿಸುತ್ತದೆ.

ಪರೀಕ್ಷೆಗೆ ಡೇಟಾ ಎಕ್ಸ್‌ಟ್ರಾಕ್ಷನ್ (ಡ್ರಾಯಿಂಗಿನ ಮಾಹಿತಿಯನ್ನು ಪಟ್ಟಿಯಾಗಿ ತೆಗೆಯುವ ಕಮಾಂಡ್) ಒಳ್ಳೆಯದು. ಪಾಯಿಂಟುಗಳ ಎಕ್ಸ್, ವೈ, ಝಡ್ ಮಾತ್ರ ಆರಿಸಿ, ಒಂದೇ ತೆರನ ಸಾಲುಗಳನ್ನು ಕೂಡಿಸುವ ಆಯ್ಕೆಯನ್ನೂ ಕೌಂಟ್ ಕಾಲಮ್ಮನ್ನೂ ಇಟ್ಟುಕೊಳ್ಳಿ. ಕೌಂಟ್ 2 ಅಥವಾ ಹೆಚ್ಚು ಬಂದ ಸಾಲುಗಳೇ ಅಂಟಿಕೊಂಡವು. ಹಳೆಯ ಗೆರೆಯ ತುದಿಗೆ ಅಂಟಿದವು ಹೀಗೆ ಸಿಗುವುದಿಲ್ಲ. ಅವಕ್ಕೆ ಮೂಲ ಪಟ್ಟಿಯೊಂದಿಗೆ ತಾಳೆ ನೋಡಲೇಬೇಕು.

ಎಲ್ಲ ಪಾಯಿಂಟುಗಳೂ ಒಟ್ಟಿಗೆ ತಪ್ಪಿದ್ದರೆ ಸ್ನ್ಯಾಪ್ ಕಾರಣವಲ್ಲ. ನಾರ್ದಿಂಗ್ (ಉತ್ತರಕ್ಕಿರುವ ದೂರ), ಈಸ್ಟಿಂಗ್ (ಪೂರ್ವಕ್ಕಿರುವ ದೂರ) ಅದಲು ಬದಲಾಗಿದ್ದರೆ ಇಡೀ ಜಾಗ ಕನ್ನಡಿಯಲ್ಲಿ ಕಂಡಂತೆ ತಿರುಗುತ್ತದೆ. ಮೋಸವೆಂದರೆ ಪಾಯಿಂಟುಗಳ ನಡುವಿನ ದೂರ ಆಗಲೂ ಸರಿಯಾಗಿಯೇ ಬರುತ್ತದೆ. ಆಟೋಕ್ಯಾಡ್‌ಗೆ ಮೊದಲು ಈಸ್ಟಿಂಗ್, ಆಮೇಲೆ ನಾರ್ದಿಂಗ್. ಪೂರ್ತಿ ಗುಂಪು ಪಕ್ಕಕ್ಕೆ ಸರಿದಿದ್ದರೆ ಅಥವಾ ಓರೆಯಾಗಿದ್ದರೆ ಯುಸಿಎಸ್ (ಬಳಕೆದಾರ ತಾನೇ ಇಟ್ಟುಕೊಂಡ ಅಕ್ಷಗಳು) ನೋಡಿ: ಸ್ಕ್ರಿಪ್ಟ್ ಚಾಲ್ತಿಯ ಯುಸಿಎಸ್ ಪ್ರಕಾರವೇ ಓದುತ್ತದೆ, ಅದನ್ನು ಮೂಲ ಅಕ್ಷಗಳಾದ ವರ್ಲ್ಡ್‌ಗೆ ತಂದ ಮೇಲೆ ಓಡಿಸಿ. ಯುಟಿಎಂ (ಭೂಮಿಯನ್ನು ವಲಯಗಳಾಗಿ ಸಮತಟ್ಟು ನಕ್ಷೆಗೆ ಇಳಿಸುವ ಪದ್ಧತಿ) ವಲಯದ ಮಧ್ಯರೇಖೆಯ ಬಳಿ ನೆಲದ ಅಳತೆಗೂ ಡ್ರಾಯಿಂಗಿಗೂ ಕಿಲೋಮೀಟರಿಗೆ ಸುಮಾರು 40 ಸೆಂಟಿಮೀಟರ್ ವ್ಯತ್ಯಾಸ ಬಂದರೆ ಅದು ಆ ಪದ್ಧತಿಯದೇ 0.9996 ಸ್ಕೇಲ್ ಫ್ಯಾಕ್ಟರ್, ತಪ್ಪಲ್ಲ. ಅಲೈನ್ ಕಮಾಂಡ್ ಕೊಟ್ಟು ಎಳೆದು ಕೂರಿಸಬೇಡಿ.

ಕೊನೆಗೆ ಎಕ್ಸೆಲ್. ಸಿಎಸ್‌ವಿ (ಕಾಲಮ್ಮುಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯ ಫೈಲ್) ಆಗಿ ಉಳಿಸುವಾಗ ಸೆಲ್‌ನಲ್ಲಿ ಕಾಣುವಷ್ಟು ದಶಾಂಶ ಮಾತ್ರ ಫೈಲಿಗೆ ಹೋಗುತ್ತದೆ. ಮೊದಲೇ ಮೂರು ದಶಾಂಶಕ್ಕೆ ಫಾರ್ಮ್ಯಾಟ್ ಮಾಡಿ, ವಿವರಣೆ ಕಾಲಮ್ಮಿನಲ್ಲಿ ಅಲ್ಪವಿರಾಮ ಇದ್ದರೆ ತೆಗೆಯಿರಿ.