ಕನ್ನಡ ಅಡುಗೆ ತಾಣಕ್ಕೆ ರೆಲೆವಾನ್ಸಿ ಸರ್ಚ್ ಪ್ಲಗಿನ್: ಹಾಕಿಕೊಳ್ಳಬಹುದಾ?

ನಮ್ಮ ಕಡೆಯ ಅಡುಗೆಗಳನ್ನು ಬರೆದಿಡುವ ವರ್ಡ್‌ಪ್ರೆಸ್ ತಾಣ ನನ್ನದು. ಓದುಗರು ಒಲೆ ಹಚ್ಚಿಟ್ಟು ಫೋನಿನಲ್ಲಿ ಹುಡುಕುತ್ತಾರೆ. ಬೇಕಾದ್ದು ತಕ್ಷಣ ಸಿಗಬೇಕು.

ವರ್ಡ್‌ಪ್ರೆಸ್ ಜೊತೆಗೇ ಬರುವ ಸರ್ಚ್, ಟೈಪ್ ಮಾಡಿದ ಅಕ್ಷರಗಳು ಬರಹದಲ್ಲಿ ಹಾಗೇ ಇವೆಯಾ ಅಂತ ಮಾತ್ರ ನೋಡುತ್ತದೆ. ಕನ್ನಡಕ್ಕೆ ಅದು ಸಾಲದು. ‘ಮಾವು’ ಅಂತ ಕೊಟ್ಟರೆ ‘ಮಾವಿನಕಾಯಿ ಚಿತ್ರಾನ್ನ’ ಸಿಗುವುದಿಲ್ಲ. ‘ವು’ ಹೋಗಿ ‘ವಿ’ ಆಗಿರುತ್ತದೆ, ಅಲ್ವಾ? ಹಲಸು, ಸೊಪ್ಪುಗಳದ್ದೂ ಇದೇ ಪಾಡು. ‘ಅವರೆ’ ಅಂದರೆ ‘ಅವರೆಲ್ಲ’ ಇರುವ ಬರಹಗಳೂ ಬಂದು ಕೂರುತ್ತವೆ. ಕಸ್ಟಮ್ ಫೀಲ್ಡ್‌ನಲ್ಲಿರುವ (ಬರಹದ ಜೊತೆಗಿನ ಬೇರೆ ಖಾನೆ) ಸಾಮಗ್ರಿ ಪಟ್ಟಿಯನ್ನಂತೂ ಅದು ಮುಟ್ಟುವುದೇ ಇಲ್ಲ.

ಫಿನ್‌ಲ್ಯಾಂಡಿನ ಮಿಕ್ಕೊ ಸಾರಿ ಮಾಡಿರುವ ರೆಲೆವಾನ್ಸಿ ಪ್ಲಗಿನ್ ತನ್ನದೇ ಇಂಡೆಕ್ಸ್ (ಯಾವ ಪದ ಯಾವ ಬರಹದಲ್ಲಿದೆ ಅನ್ನುವ ಪಟ್ಟಿ) ಕಟ್ಟಿಕೊಂಡು ಹುಡುಕುತ್ತದೆ. ಇದರ ಉಚಿತ ಆವೃತ್ತಿಯೇ ನನಗೆ ಸಾಕಾಗಿದೆ. ಕಸ್ಟಮ್ ಫೀಲ್ಡ್‌ಗಳನ್ನೂ ಸೇರಿಸಿಕೊಳ್ಳುತ್ತದೆ. ಆದರೆ ಸುಮ್ನೆ ಆನ್ ಮಾಡಿ ಬಿಟ್ಟರೆ ಕನ್ನಡಕ್ಕೆ ಕೆಲಸ ಆಗುವುದಿಲ್ಲ, ಸ್ವಲ್ಪ ಕೂತು ಹೊಂದಿಸಬೇಕು.

ಪದದ ಕನಿಷ್ಠ ಉದ್ದ 3 ಅಂತ ಇರುತ್ತದೆ. ಅದನ್ನು 2 ಮಾಡಿ, ಇಲ್ಲದಿದ್ದರೆ ‘ರಸ’ ಇಂಡೆಕ್ಸ್‌ಗೇ ಹೋಗುವುದಿಲ್ಲ. ಪದದ ಒಂದು ಭಾಗ ಹೊಂದಿದರೂ ತೋರಿಸುವ ಆಯ್ಕೆಯನ್ನು ಯಾವಾಗಲೂ ಆನ್ ಇಡಿ. ಆಗ ‘ಅವರೆ’ಗೆ ‘ಅವರೆಕಾಳು’ ಸಿಗುತ್ತದೆ. ‘ಅವರೆಲ್ಲ’, ‘ಅವರೆಲ್ಲರೂ’ ಪದಗಳನ್ನು ಸ್ಟಾಪ್‌ವರ್ಡ್ಸ್‌ಗೆ (ಹುಡುಕುವಾಗ ಬಿಟ್ಟುಬಿಡುವ ಪದಗಳ ಪಟ್ಟಿ) ಹಾಕಿದರೆ ಆ ಕಾಟ ಮುಗಿಯಿತು. ಮಾವಿನ ಸಮಸ್ಯೆಗೆ ಸಿನೊನಿಮ್ಸ್ (ಸಮಾನ ಪದಗಳ) ಪೆಟ್ಟಿಗೆ ಇದೆ. ಅಲ್ಲಿ ‘ಮಾವು = ಮಾವಿನ’ ಅಂತ ಬರೆದೆ, ಮಾವಿನಕಾಯಿ ಚಿತ್ರಾನ್ನ, ಗೊಜ್ಜು, ಉಪ್ಪಿನಕಾಯಿ ಸಾಲಾಗಿ ಬಂದವು. ಎಷ್ಟು ಖುಷಿಯಾಯಿತು! ಇದು ನಡೆಯಬೇಕಾದರೆ ಡಿಫಾಲ್ಟ್ ಆಪರೇಟರ್ ‘ಆರ್’ (ಪದಗಳಲ್ಲಿ ಯಾವುದಾದರೂ ಒಂದು ಇದ್ದರೂ ಸಾಕು ಅನ್ನುವ ಆಯ್ಕೆ) ಆಗಿರಬೇಕು. ಕೊನೆಗೆ ಇಂಡೆಕ್ಸ್ ಮತ್ತೆ ಕಟ್ಟಿಸುವುದನ್ನು ಮರೆಯಬೇಡಿ.

ಕೊರತೆ ಇಲ್ಲ ಅಂತಲ್ಲ. ಕನ್ನಡದ ವಿಭಕ್ತಿಗಳು ಇದಕ್ಕೆ ಗೊತ್ತಿಲ್ಲ, ಒಂದೊಂದು ಜೋಡಿಯನ್ನೂ ನಾವೇ ಬರೆಯಬೇಕು. ಅಡುಗೆ ತಾಣದಲ್ಲಿ ತರಕಾರಿ, ಕಾಳು, ಹಣ್ಣುಗಳ ಹೆಸರು ಲೆಕ್ಕಕ್ಕೆ ಸಿಗುವಷ್ಟೇ ಇರುವುದರಿಂದ ನಡೆಯುತ್ತದೆ. ಸುದ್ದಿ ತಾಣಕ್ಕಾದರೆ ಕಷ್ಟ. ಇಂಡೆಕ್ಸ್ ಡೇಟಾಬೇಸಿನಲ್ಲಿ ಜಾಗವನ್ನೂ ಜಾಸ್ತಿ ತಿನ್ನುತ್ತದೆ. ಅಗ್ಗದ ಹೋಸ್ಟಿಂಗ್ ಇದ್ದವರು ಮೊದಲೇ ನೋಡಿಕೊಳ್ಳಿ.

ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಹುಡುಕಾಟದ ದಾಖಲೆ. ಆನ್ ಮಾಡಿಟ್ಟರೆ ಓದುಗರು ಏನು ಕೇಳಿದರು, ಯಾವುದಕ್ಕೆ ಏನೂ ಸಿಗಲಿಲ್ಲ ಅನ್ನುವುದೆಲ್ಲ ಕಾಣುತ್ತದೆ. ಬರಹ ಇದ್ದೂ ಸಿಗದೇ ಹೋದ ಪದವನ್ನು ಆಗಲೇ ಸಿನೊನಿಮ್ಸ್‌ಗೆ ಸೇರಿಸುತ್ತೇನೆ. ಬರಹವೇ ಇಲ್ಲದಿದ್ದರೆ ಮುಂದಿನ ಅಡುಗೆ ಅದೇ.