ವಿರಾಜಪೇಟೆ ಕಡೆಯ ಐನ್‌ಮನೆ: ಮಕ್ಕಳಿಗಿಂತ ಅತ್ತೆಗೇ ಜಾಸ್ತಿ ಹಿಡಿಸಿತು

ನಾವು ಕುಶಾಲನಗರದವರು. ನೆಂಟರು ಬಂದರೆ ದುಬಾರೆ, ರಾಜಾಸೀಟು, ಅಬ್ಬಿ ಅಂತ ಸುತ್ತಿಸಿ ಸುತ್ತಿಸಿ ಸಾಕಾಗಿದೆ. ಈ ಸಲ ವಿರಾಜಪೇಟೆ ಹತ್ತಿರದ ಒಂದು ಐನ್‌ಮನೆಗೆ ಹೋದೆವು. ಕೊಡವ ಒಕ್ಕದವರೊಬ್ಬರು (ಒಕ್ಕ ಅಂದರೆ ಮನೆತನ) ತಮ್ಮ ಹಿರಿಯರ ಮನೆಯನ್ನು ಜನ ನೋಡಲಿ ಅಂತ ತೆರೆದಿಟ್ಟಿದ್ದಾರೆ. ಹಿಂದಿನವರ ದಿನನಿತ್ಯದ ಕೆಲಸಗಳನ್ನು ಮಾಡಿ ತೋರಿಸುತ್ತಾರೆ, ನಮ್ಮ ಕೈಯಲ್ಲೂ ಮಾಡಿಸುತ್ತಾರೆ.

ಕಾರು ಗೇಟಿನ ಹತ್ತಿರವೇ ಬಿಡಬೇಕು. ಅಲ್ಲಿಂದ ಎರಡೂ ಕಡೆ ಮಣ್ಣಿನ ದಿಣ್ಣೆ ಇರುವ ಓಣಿಯಲ್ಲಿ ನಡೆಯಬೇಕು, ತಿರುವು ದಾಟುವ ತನಕ ಮನೆ ಕಾಣೋದೇ ಇಲ್ಲ. ಮುಂದಿನ ಜಗಲಿಯ ಕಂಬಗಳ ನಡುವೆ ಅಗಲವಾದ ಮರದ ಹಲಗೆ, ಅದಕ್ಕೆ ಅಯ್ಮರ ಅಂತಾರೆ. ಎಷ್ಟು ತಲೆಮಾರು ಕೂತಿದೆಯೋ, ಹಲಗೆ ಕನ್ನಡಿ ಥರ ನುಣುಪಾಗಿದೆ. ಒಳಗೆ ನೆಲ್ಲಕ್ಕಿ ನಡುಬಾಡೆಯ, ಅಂದರೆ ನಡುಮನೆಯ, ತೂಗುದೀಪವನ್ನು ಈಗಲೂ ದಿನಾ ಹಚ್ಚುತ್ತಾರೆ. ಸುಗ್ಗಿ ಹಬ್ಬ ಪುತ್ತರಿಗೆ ಒಕ್ಕದವರೆಲ್ಲ ಇಲ್ಲಿಗೇ ಬರುತ್ತಾರಂತೆ. ತೀರಿಹೋದ ಹಿರಿಯರಿಗೆ ಮೀಸಲಾದ ಕೋಣೆ ಕನ್ನಿಕೋಂಬರೆಗೆ ನಮಗೆ ಪ್ರವೇಶವಿಲ್ಲ, ಫೋಟೋನೂ ಇಲ್ಲ. ಕೇಳಿದ್ದಕ್ಕೆ 'ಅದು ನಮ್ಮ ಮನೆ ವಿಷಯ' ಅಂತ ನಗುತ್ತಲೇ ಹೇಳಿದರು. ನನಗೆ ಅದು ಸರಿ ಅನ್ನಿಸಿತು, ಎಲ್ಲವನ್ನೂ ಟಿಕೆಟ್ಟಿಗೆ ಇಟ್ಟಿಲ್ಲ ಅಲ್ವಾ.

ಮಜಾ ಇದ್ದದ್ದು ಹಿತ್ತಲಲ್ಲಿ. ಅಲ್ಲಿನ ಹುಡುಗ ಭತ್ತ ಕುಟ್ಟೋದನ್ನು ತೋರಿಸ್ತಿದ್ದ, ಒನಕೆ ಒರಳಿನ ಅಂಚಿಗೆ ತಾಗಿ ಭತ್ತವೆಲ್ಲ ಹೊರಗೆ ಹಾರುತ್ತಿತ್ತು. ನಮ್ಮತ್ತೆ ಸೋಮವಾರಪೇಟೆ ಕಡೆಯ ಗದ್ದೆ ಮನೆಯಲ್ಲಿ ಬೆಳೆದವರು, ಸ್ವಲ್ಪ ಹೊತ್ತು ನೋಡಿದರು, ಆಮೇಲೆ ತಡೆಯೋಕಾಗದೆ ಸೆರಗು ಸಿಕ್ಕಿಸಿ 'ಕೊಡಪ್ಪ ಇಲ್ಲಿ' ಅಂತ ಒನಕೆ ತಗೊಂಡರು. ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸುತ್ತಾ, ಒನಕೆಯನ್ನು ಅದರ ಭಾರಕ್ಕೇ ಬೀಳೋಕೆ ಬಿಟ್ಟು, ನಡುನಡುವೆ ಕಾಲಿನಿಂದ ಕಾಳು ಒಳಗೆ ತಳ್ಳುತ್ತಾ ಕುಟ್ಟಿದರು. ಮೊರದಲ್ಲಿ ಕೇರಿದಾಗ ಹೊಟ್ಟು ಒಂದೇ ಕಡೆ ಹಾರಿತು. ಹುಡುಗ ಪಾಪ, ವಿಡಿಯೋ ಮಾಡಿಕೊಂಡ. ನನ್ನ ಮಗಳು ಶಾವಿಗೆ ಒರಳಿನ ಹಿಡಿಗೆ ಜೋತುಬಿದ್ದು ನೂಲ್‌ಪುಟ್ಟು ಒತ್ತಿದಳು, ಅವಳ ತೂಕ ಸಾಲದೆ ಅಣ್ಣನೂ ಹತ್ತಬೇಕಾಯ್ತು.

ಊಟಕ್ಕೆ ಕಡಂಬುಟ್ಟು ಅನ್ನೋ ಅಕ್ಕಿ ಉಂಡೆ, ಪಂದಿ ಕರಿ ಅಂದರೆ ಹಂದಿ ಸಾರು. ಹಣ್ಣಿನ ರಸ ಕಾಯಿಸಿ ಮಾಡುವ ಕಾಚಂಪುಳಿಯ ಕಪ್ಪು ಹುಳಿ ಸರಿಯಾಗಿ ಹಿಡಿದಿತ್ತು, ಅದಿಲ್ಲದ ಪಂದಿ ಕರಿ ಹೋಟೆಲಲ್ಲಿ ತಿಂದು ಬೇಜಾರಾದವರಿಗೆ ಇದಕ್ಕೋಸ್ಕರವೇ ಹೋಗಬಹುದು. ಹಂದಿ ತಿನ್ನದವರಿಗೆ ಕೋಳಿ ಉಂಟು. ಸಸ್ಯಾಹಾರಿಗಳಿಗೆ ಬರೀ ಸಾರು, ಪಲ್ಯ, ಅದೂ ಸಪ್ಪೆ.

ಹಿಡಿಸದ ವಿಷಯ ಅಂದರೆ ಬಟ್ಟೆ ಹಾಕಿಸಿ ಫೋಟೋ ತೆಗೆಯೋದು. ಗಂಡಸರಿಗೆ ಕುಪ್ಯ ಅನ್ನೋ ಉದ್ದ ಕೋಟು, ಸೊಂಟಕ್ಕೆ ಚೇಲೆ ಅನ್ನೋ ಪಟ್ಟಿ, ಪೀಚೆಕತ್ತಿ, ಹೆಂಗಸರಿಗೆ ಹಿಂದೆ ನಿರಿಗೆ ಬರುವ ಸೀರೆ. ಅದಕ್ಕೆ ಬೇರೆ ದುಡ್ಡು, ಉದ್ದದ ಸಾಲು, ಉಡಿಸುವವರಿಗೆ ಅವಸರ. ಸಾಲಲ್ಲಿ ನಿಂತು ಕಾಚಂಪುಳಿ ಕಾಯಿಸೋದನ್ನು ತಪ್ಪಿಸಿಕೊಂಡವರು ನಾವೊಬ್ಬರೇ ಅಲ್ಲ. ಇತಿಹಾಸ ಹೇಳುವುದೂ ಅಷ್ಟಕ್ಕಷ್ಟೆ. ಮನೆ ಯಾವ ಕಾಲದ್ದು ಅಂದರೆ 'ತುಂಬಾ ಹಳೇದು' ಅಷ್ಟೇ ಉತ್ತರ.

ಇಸವಿ, ರಾಜರ ಕಥೆ ಬೇಕಾದವರು ಅದೇ ದಿನ ಕಕ್ಕಬ್ಬೆ ಕಡೆ ಹೋಗಿ ನಾಲ್ಕುನಾಡು ಅರಮನೆ ನೋಡಿ. 1792ರಲ್ಲಿ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ಕಟ್ಟಿಸಲು ಶುರುಮಾಡಿದ್ದು, ತಡಿಯಂಡಮೋಳ್ ಬೆಟ್ಟದ ಬುಡದಲ್ಲಿದೆ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ರಾಜ ಕಾಡಿನ ಮೂಲೆಯಲ್ಲಿ ಯಾಕೆ ಮನೆ ಕಟ್ಟಿದ ಅಂತ ಅಲ್ಲಿನ ಕತ್ತಲೆ ಕೋಣೆಗಳಲ್ಲಿ ನಿಂತರೆ ಗೊತ್ತಾಗುತ್ತದೆ. 1834ರಲ್ಲಿ ಕೊನೆಯ ರಾಜ ಚಿಕ್ಕವೀರರಾಜೇಂದ್ರ ಬ್ರಿಟಿಷರು ಬಂದಾಗ ಅಡಗಿದ್ದೂ ಇಲ್ಲೇ. ನನ್ನ ಮಗನಿಗೆ ಇದೇ ಇಷ್ಟವಾಯ್ತು, ಬಚ್ಚಿಟ್ಟುಕೊಳ್ಳೋ ಜಾಗ ನೋಡಿ.

ಐನ್‌ಮನೆಗೆ ಹಿಂದಿನ ದಿನವೇ ಫೋನ್ ಮಾಡಿ ಹೋಗಿ, ಇಲ್ಲಾಂದ್ರೆ ಊಟ ಸಿಗಲ್ಲ. ನೆಟ್‌ವರ್ಕ್ ಇಲ್ಲ, ಹಾಗಾಗಿ ಫೋನ್‌ಪೇ ನಂಬಬೇಡಿ, ಕೈಯಲ್ಲಿ ನಗದು ಇರಲಿ. ಮಳೆಗಾಲದಲ್ಲಿ ಆ ಓಣಿ ತುಂಬಾ ಜಿಗಣೆ. ಮೊದಲು ಹಿತ್ತಲಿಗೆ ಹೋಗಿ, ಫೋಟೋ ಆಮೇಲೆ.